ಹರಿಗೋಲಿನ ಎರ್ರಿಸ್ವಾಮಿ

ಎರ್ರಿಸ್ವಾಮಿಯವರು ಬಂದವರ ಮುಖ ನೋಡುವ ಮೊದಲು ಕೈ ನೋಡುತ್ತಿದ್ದರು. ಕೈಯಲ್ಲಿ ಪೆನ್‌ಡ್ರೈವ್ ಇದ್ದರೆ ತಮ್ಮ ಅಂಗೈ ಚಾಚಿ, "ಕೊಡ್ರಿ ಇಲ್ಲಿ" ಅನ್ನುತ್ತಿದ್ದರು. ಆಮೇಲೆ ನಮಸ್ಕಾರ, ಆಮೇಲೆ "ಬರ್ರಿ, ಕುಂದ್ರಿ", ಅದಾದ ಮೇಲೆ ಊರು, ಮಳೆ, ಮಕ್ಕಳ ಸಮಾಚಾರ. ಹೊಸಪೇಟೆಯ ನಮ್ಮ ಮುದ್ರಣಾಲಯದ ಬಾಗಿಲಲ್ಲೇ ಅವರ ಮೇಜು. ಅದರ ಮೇಲೆ ಬೇರೆ ಯಾವುದಕ್ಕೂ ಜೋಡಿಸದ ಒಂದು ಹಳೆಯ ಕಂಪ್ಯೂಟರು. ಹೊರಗಿನಿಂದ ಬಂದ ಪ್ರತಿಯೊಂದು ಪೆನ್‌ಡ್ರೈವೂ ಮೊದಲು ಅದರಲ್ಲಿ ವೈರಸ್ ಪರೀಕ್ಷೆ ಮುಗಿಸಿಕೊಂಡೇ ಒಳಗೆ ಹೋಗಬೇಕು. ಅದಕ್ಕೆ ಅವರು ಇಟ್ಟ ಹೆಸರು ಕಾಲ್ತೊಳಿಯೋ ಮಷೀನು. "ಹೊರಗಿನಿಂದ ಬಂದವ್ರು ಕಾಲ್ ತೊಳಕೊಂಡು ಮನಿಯಾಗ ಬರ್ತಾರಲ್ರಿ, ಹಂಗ ಇದು. ಇದ್ರಾಗ ಯಾರಿಗೂ ಅವಮಾನ ಇಲ್ಲ" ಎಂದು ಮುಖ ಗಂಟಿಕ್ಕಿದವರಿಗೆ ಸಮಾಧಾನ ಹೇಳುತ್ತಿದ್ದರು.

ಆ ಪೆನ್‌ಡ್ರೈವುಗಳು ಬರುತ್ತಿದ್ದ ಅವಸ್ಥೆಯನ್ನು ನೋಡಬೇಕಿತ್ತು. ಸಂಡೂರಿನಿಂದ ಬಂದದ್ದಾದರೆ ಅದಿರಿನ ಕೆಂಪು ಧೂಳು ಮೂತಿಯ ತುಂಬ. ಎರ್ರಿಸ್ವಾಮಿಯವರು ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಕೂಸಿನ ಕಿವಿ ಒರೆಸುವಂತೆ ಒರೆಸುತ್ತಿದ್ದರು. ಮರಿಯಮ್ಮನಹಳ್ಳಿಯ ಅಂಗಡಿಯವರು ಎಲೆಅಡಿಕೆ ಚೀಲದಿಂದ ತೆಗೆದು ಕೊಡುತ್ತಿದ್ದರು, ಸುಣ್ಣದ ಸಮೇತ. ಕಂಪ್ಲಿಯ ರೇಣುಕಾ ಒಬ್ಬರೇ ಅದನ್ನು ಒಗೆದ ಕರ್ಚೀಫಿನಲ್ಲಿ ಸುತ್ತಿಕೊಂಡು ಬರುತ್ತಿದ್ದವರು. ಕಂಪ್ಲಿ ಬಸ್‌ ನಿಲ್ದಾಣದ ಹತ್ತಿರ ಅವರದು ಲಗ್ನಪತ್ರಿಕೆ, ಬ್ಯಾನರು, ತಿಥಿ ಕಾರ್ಡುಗಳನ್ನು ಟೈಪು ಮಾಡಿ ಹೊಂದಿಸಿಕೊಡುವ ಸಣ್ಣ ಅಂಗಡಿ.

ನಾನು ಆ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಜಗತ್ತಿನಲ್ಲಿ ಎಲ್ಲಿ ನೋಡಿದರೂ ತಪ್ಪೇ ಕಾಣುವ ಕೆಟ್ಟ ಕಣ್ಣು ನನ್ನದು. ಖಾನಾವಳಿಯ ಹಲಗೆ ಓದಿ ಸಿಟ್ಟು ಬಂದು, ಊಟ ಮಾಡದೆ ಹಸಿದುಕೊಂಡು ವಾಪಸು ಬಂದದ್ದೂ ಉಂಟು. ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡ ಇನ್ನೊಬ್ಬ ಮನುಷ್ಯ ಅದೇ ಸೂರಿನ ಕೆಳಗೆ ಸಿಕ್ಕಾಗ ನನಗೆ ಜೊತೆಗಾರ ಸಿಕ್ಕಂತಾಯಿತು. ಅವರು ನನ್ನನ್ನು "ಮಾಸ್ತರ" ಎಂದು ಕರೆಯುತ್ತಿದ್ದರು. ಪಾಠ ಹೇಳಿದವನಲ್ಲ ನಾನು, ಕೆಂಪು ಪೆನ್ನು ಹಿಡಿದವರೆಲ್ಲ ಅವರ ಲೆಕ್ಕದಲ್ಲಿ ಮಾಸ್ತರರೇ.

ಒಳಕೋಣೆಯಲ್ಲಿ ನಮ್ಮ ಸರ್ವರು ಇತ್ತು, ವಿಂಡೋಸ್ ಬದಲು ಲಿನಕ್ಸಿನ ಮೇಲೆ ಓಡುವಂಥದ್ದು. ಸುತ್ತಲ ಊರುಗಳ ಅಂಗಡಿಯವರು ಅಚ್ಚಿಗೆ ತಂದ ಪುಟಗಳು ಅದರೊಳಗೆ ಹೋಗುತ್ತಿದ್ದವು. ಹೋಗುವಾಗ ಅವರು ಅದರಿಂದ ಗಣಪತಿಯ ಚಿತ್ರ, ಬಳ್ಳಿಯ ಅಂಚು, ಹೊಸ ಅಕ್ಷರ ಶೈಲಿ ಹೀಗೆ ಬೇಕಾದದ್ದನ್ನು ತುಂಬಿಕೊಂಡು ಹೋಗುತ್ತಿದ್ದರು. ಆ ಸರ್ವರಿಗೂ ಆಂಟಿವೈರಸ್ ಹಾಕಬೇಕೆಂದು ಎರ್ರಿಸ್ವಾಮಿ ಕೇಳಿದಾಗ ನಮ್ಮ ಯಜಮಾನರಿಗೆ ನಗು ಬಂತು.

"ಲಿನಕ್ಸಿಗೆ ವೈರಸ್ಸ ಬಡಿಯಂಗಿಲ್ಲ ಅಂತ ನೀವ ಹೇಳಿದ್ರಲ್ರಿ. ಈಗ ನೋಡಿದ್ರ ಅದಕ್ಕೂ ಔಷಧ ಅಂತೀರಿ."

"ಭಾಳ ಬಡಿಯಂಗಿಲ್ಲ ಅಂದಿದ್ದೆ ಧಣೇರ. ಬಾವಿಗೆ ಜ್ವರ ಬಂದಿದ್ದು ಎಲ್ಲರ ಕೇಳೀರೇನ್ರಿ? ಜ್ವರ ಬರೋದು ನೀರು ಕುಡದವ್ರಿಗೆ. ಈ ಸರ್ವರು ಗಟ್ಟಿ ಕುಂತಿರತೈತಿ, ಆದ್ರ ಇದ್ರಾಗಿಂದ ಒಯ್ದ ಕಂಪ್ಲಿ ಕಂಪ್ಯೂಟರು ಮಲಗತೈತಿ. ಅದಕ್ಕ ಬಾವಿ ಶುದ್ಧ ಇಡಬೇಕು."

ಯಜಮಾನರು ಒಪ್ಪಿದರು. ಅಂದಿನಿಂದ ಒಳಗೆ ಬಂದ ಪ್ರತಿ ಕಡತವನ್ನೂ ಸರ್ವರು ತಾನೇ ಮತ್ತೊಮ್ಮೆ ಜಾಲಾಡಿ ನೋಡುತ್ತಿತ್ತು. ಇದರಿಂದ ಕೆಲಸ ತಡವಾಗುತ್ತದೆ ಎಂದು ಗೊಣಗುವವರು ಗೊಣಗಿದರು. ಎರ್ರಿಸ್ವಾಮಿಯವರದು ಒಂದೇ ಮಾತು, "ನಮ್ಮವ್ರು ಬ್ಯಾರೇದವ್ರು ಅಂತ ಇದಕ್ಕ ಗೊತ್ತಾಗಂಗಿಲ್ರಿ. ಅದಕ್ಕ ಇದು ಛಲೋ."

ಒಮ್ಮೆ ಯಜಮಾನರ ಹೊಸ ಬೀಗರೇ ಬಂದರು. ಮಗಳ ಲಗ್ನಪತ್ರಿಕೆಯ ಬರಹ ಅವರ ಪೆನ್‌ಡ್ರೈವಿನಲ್ಲಿತ್ತು. ಬೀಗರೆಂದರೆ ನಮ್ಮ ಕಡೆ ಕೂತರೆ ಸಿಟ್ಟು, ನಿಂತರೆ ಸಿಟ್ಟು. ಎರ್ರಿಸ್ವಾಮಿ ಎಂದಿನಂತೆ ಅಂಗೈ ಚಾಚಿದರು. ಯಜಮಾನರು ಕಣ್ಣಲ್ಲೇ ಬೇಡವೆಂದು ಸನ್ನೆ ಮಾಡಿದರು, ಕೊನೆಗೆ ಹತ್ತಿರ ಬಂದು, "ಬೀಗರಂದ್ರ ದೇವ್ರಿದ್ದಂಗ. ಅವರದಕ್ಕೂ ಕಾಲ್ ತೊಳಸ್ತೀರೇನ್ರಿ?" ಎಂದು ಪಿಸುಗುಟ್ಟಿದರು. ಎರ್ರಿಸ್ವಾಮಿ ಅಷ್ಟೇ ಮೆಲ್ಲಗೆ, "ದೇವ್ರೂ ಪಾದ ತೊಳಸ್ಕೊಂತಾನಲ್ರಿ" ಅಂದರು. ಪರೀಕ್ಷೆಯಲ್ಲಿ ವೈರಸ್ಸು ಗೊಂಚಲುಗೊಂಚಲಾಗಿ ಸಿಕ್ಕಿತು. ಬೀಗರ ಮುಖ ಸಣ್ಣದಾಯಿತು. ಆಗ ಎರ್ರಿಸ್ವಾಮಿ, "ಪ್ಯಾಟಿ ಧೂಳ ರೀ ಇದು, ನಿಮ್ಮದಲ್ಲ. ಎಲ್ಲಾರದ್ರಾಗೂ ಇರತೈತಿ" ಎಂದು ತೊಳೆದು, ಎರಡೂ ಕೈಯಿಂದ ವಾಪಸು ಕೊಟ್ಟರು. ತಪ್ಪು ತೋರಿಸುವುದು ನನಗೂ ಗೊತ್ತು. ತೋರಿಸಿಯೂ ಮನುಷ್ಯನ ಮಾನ ಉಳಿಸುವುದನ್ನು ನಾನು ಕಲಿತದ್ದು ಅವತ್ತು.

ಇಷ್ಟು ಕಟ್ಟುನಿಟ್ಟಿನ ಮನುಷ್ಯನಿಗೆ ಒಂದು ಮುದ್ದಿನ ಸಂಗತಿಯಿತ್ತು. ಅದರ ಹೆಸರು ಹರಿಗೋಲು.

ಎರ್ರಿಸ್ವಾಮಿ ಹುಟ್ಟಿದ್ದು ಕಂಪ್ಲಿಯಲ್ಲಿ, ಹೊಳೆಯ ದಂಡೆಯ ಮೇಲೆ. ಪ್ರಾಯದಲ್ಲಿ ಅಲ್ಲೇ ಒಂದು ಅಂಗಡಿಯಲ್ಲಿ ಟೈಪು ಮಾಡುತ್ತಿದ್ದಾಗ, ಆಗ ಸಿಗುತ್ತಿದ್ದ ಕನ್ನಡದ ಕೀಲಿಮಣೆಗಳು ಅವರ ಕೈಗೆ ಒಗ್ಗಲಿಲ್ಲವಂತೆ. ಪುಸ್ತಕ ತಂದು ಓದಿ, ಬಳ್ಳಾರಿಗೆ ಹೋಗಿ ಬಲ್ಲವರನ್ನು ಕೇಳಿ, ತಾವೇ ಒಂದು ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬರೆದರು. ಯಾವ ಕೀಲಿಗೆ ಯಾವ ಅಕ್ಷರ ಎಂಬುದನ್ನು ನಮ್ಮ ಕಡೆಯ ಮಾತಿನ ಓಟಕ್ಕೆ ತಕ್ಕಂತೆ ಕೂಡಿಸಿದ್ದರು. ಈ ದಂಡೆಯಿಂದ ಆ ದಂಡೆಗೆ ದಾಟಿಸುವಂಥದ್ದು ಎಂದು ಹರಿಗೋಲು ಅಂತ ಹೆಸರಿಟ್ಟರು. ಹೊಸಪೇಟೆ, ಸಂಡೂರು, ಕಂಪ್ಲಿ, ಮರಿಯಮ್ಮನಹಳ್ಳಿಯ ಅಂಗಡಿಗಳೆಲ್ಲ ಅದನ್ನೇ ಹಾಕಿಕೊಂಡವು. ಯಾರಿಂದಲೂ ಅವರು ಏನೂ ಕೇಳಲಿಲ್ಲ. "ಚಲೋ ಓಡಾಕ ಹತ್ತೈತೇನ್ರಿ?" ಎಂದು ವಿಚಾರಿಸುವುದೇ ಅವರಿಗೆ ಸುಖ. ರೇಣುಕಾ ಅವರಿಗೆ ಟೈಪಿಂಗ್ ಕಲಿಸಿದ್ದೂ ಎರ್ರಿಸ್ವಾಮಿಯವರೇ, ಹರಿಗೋಲಿನ ಮೇಲೆಯೇ. ಆಕೆ ಗಿರಾಕಿಯ ಜೊತೆ ಮಾತಾಡುತ್ತ, ಬೀದಿಯಲ್ಲಿ ಹೋಗುವವರನ್ನು ನೋಡುತ್ತ, ಕೀಲಿಮಣೆಯ ಕಡೆ ಒಮ್ಮೆಯೂ ಕಣ್ಣು ಹಾಯಿಸದೆ ಟೈಪು ಮಾಡುತ್ತಿದ್ದರು. ಅವರ ಪುಟದಲ್ಲಿ ನನ್ನ ಕೆಂಪು ಪೆನ್ನಿಗೆ ಕೆಲಸವೇ ಇರುತ್ತಿರಲಿಲ್ಲ.

ತೊಂದರೆಯೆಂದರೆ, ಯಾವ ಆಂಟಿವೈರಸ್ಸಿಗೂ ಹರಿಗೋಲನ್ನು ಕಂಡರೆ ಆಗುತ್ತಿರಲಿಲ್ಲ. ಕದ್ದು ನೋಡುವ ಸಾಫ್ಟ್‌ವೇರ್ ಎಂದು ಹಿಡಿದು ಕೂಡಿಹಾಕುತ್ತಿತ್ತು. ಇದರ ಕಾರಣವನ್ನು ಎರ್ರಿಸ್ವಾಮಿ ನನಗೆ ಬಿಡಿಸಿ ಹೇಳಿದ್ದರು. "ನೀವು ಒಂದು ಕೀಲಿ ಒತ್ತಿದ್ರಿ ಅನ್ರಿ. ಅದು ಇಂಗ್ಲಿಷ್ ಅಕ್ಷರ ಆಗೋಕ್ಕಿಂತ ಮದ್ಲ ಹರಿಗೋಲು ಅದನ್ನ ನಡುವ ಹಿಡಿದು ಕನ್ನಡ ಮಾಡಬೇಕು. ಪಾಸ್‌ವರ್ಡ್ ಕದಿಯೋ ಕಳ್ಳನೂ ಹಿಂಗ ನಡುವ ನಿಂತು ಹಿಡಿತಾನ. ಆಂಟಿವೈರಸ್ಸಿಗೆ ಇಬ್ರೂ ಒಂದ ಕಾಣತಾರ. ಪಾಪ, ಅದಕ್ಕೇನು ಕನ್ನಡ ಗೊತ್ತೇನ್ರಿ?" ಹೀಗೆಂದು ನಕ್ಕು, ಹರಿಗೋಲನ್ನು ಮುಟ್ಟಬೇಡವೆಂದು ಸರ್ವರಿನ ಆಂಟಿವೈರಸ್ಸಿಗೆ ಹೇಳಿಟ್ಟರು. ಬಾಗಿಲ ಮಷೀನಿಗೂ ಹೇಳಿಟ್ಟರು. ಅವರು ಹೇಳಿದ್ದು ಸುಳ್ಳಲ್ಲ. ಬೀಗರಿಗೂ ಇಲ್ಲದ ವಿನಾಯಿತಿ ಹೀಗೆ ಅದೊಂದಕ್ಕೆ ಸಿಕ್ಕಿತು.

ಒಂದು ಬೇಸಿಗೆಯಲ್ಲಿ ಸಂಡೂರಿನ ಅಂಗಡಿಯೊಂದರಿಂದ ಕರೆ ಬಂತು. ಹರಿಗೋಲಿನಲ್ಲಿ ಒಂದು ಒತ್ತಕ್ಷರ ಸರಿಯಾಗಿ ಬೀಳುತ್ತಿಲ್ಲ ಎಂದರು. ಎರ್ರಿಸ್ವಾಮಿ ಹೋದರು, ಅಲ್ಲಿಯ ಕಂಪ್ಯೂಟರಿನಲ್ಲೇ ಕೂತು ತಿದ್ದಿದರು, ತಿದ್ದಿದ್ದನ್ನು ತಮ್ಮ ಪೆನ್‌ಡ್ರೈವಿನಲ್ಲಿ ತಂದರು. ಬಾಗಿಲಲ್ಲಿ ಅದನ್ನೂ ಪರೀಕ್ಷೆಗೆ ಹಾಕಿದರು, ತಮಗೆಂದು ಬೇರೆ ನ್ಯಾಯ ಮಾಡಿಕೊಂಡವರಲ್ಲ. ಮಷೀನು ಉಳಿದದ್ದನ್ನೆಲ್ಲ ನೋಡಿ, ಹರಿಗೋಲನ್ನು ನೋಡದೆ ಬಿಟ್ಟಿತು. ಹಾಗೆ ಅದು ಸರ್ವರಿನೊಳಗೆ ಹೋಯಿತು. "ಹೊಸಾ ಹರಿಗೋಲು ಬಂದೈತ್ರಿ, ಒಯ್ರಿ" ಎಂದು ಎಲ್ಲರಿಗೂ ಅವರೇ ಖುಷಿಯಿಂದ ಫೋನು ಮಾಡಿದರು. ಎಲ್ಲರೂ ಒಯ್ದರು.

ಸ್ವಲ್ಪ ದಿನದಲ್ಲೇ ಅಂಗಡಿಗಳಿಂದ ಒಂದರ ಹಿಂದೊಂದು ಕರೆ ಬರತೊಡಗಿದವು. ಕಡತಗಳು ತೆರೆಯುತ್ತಿಲ್ಲ, ಚಿತ್ರಗಳು ಹಾಳಾಗಿವೆ, ಕಂಪ್ಯೂಟರು ಏಳುತ್ತಿಲ್ಲ. ರೇಣುಕಾ ಕರೆ ಮಾಡಿದಾಗ ನಾನು ಅಲ್ಲೇ ಇದ್ದೆ. ಎರ್ರಿಸ್ವಾಮಿ ಎಂದೂ ಇಲ್ಲದಂತೆ ಗದರಿದರು. "ಯಾರ್ದರ ಸಿನಿಮಾ ಹಾಡಿನ ಪೆನ್‌ಡ್ರೈವ್ ಹಾಕಿರತಿ. ಎಷ್ಟ ಸಲ ಹೇಳೀನವ್ವ ನಿನಗ?" ಆ ಕಡೆಯಿಂದ ರೇಣುಕಾ, "ಹಾಕಿಲ್ರಿ ಅಣ್ಣಾರ" ಎಂದಷ್ಟೇ ಹೇಳಿದ್ದು ನನಗೂ ಕೇಳಿಸಿತು.

ರೇಣುಕಾ ಅವರಿಗಾದ ನಷ್ಟ ಬೇರೆಯವರಂಥದ್ದಲ್ಲ. ಸುತ್ತಲ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ತೀರಿಹೋದವರ ಫೋಟೊ ಇರುವುದಿಲ್ಲ. ರೇಷನ್ ಕಾರ್ಡಿನ ಹೆಬ್ಬೆರಳುಗಾತ್ರದ ಮಸುಕು ಮುಖ, ಯಾರದೋ ಮದುವೆಯ ಗುಂಪಿನಲ್ಲಿ ಹಿಂದೆ ನಿಂತ ತಲೆ, ಇಂಥವನ್ನು ತರುತ್ತಾರೆ. ರೇಣುಕಾ ಅದನ್ನು ದೊಡ್ಡದು ಮಾಡಿ, ಕಲೆ ತೆಗೆದು, ಕಣ್ಣು ಮೂಗು ನಿಚ್ಚಳ ಮಾಡಿ ತಿಥಿ ಕಾರ್ಡಿಗೆ ಹಾಕಿಕೊಡುತ್ತಿದ್ದರು. ವರ್ಷ ವರ್ಷ ಅದೇ ಮುಖಕ್ಕಾಗಿ ಜನ ಅವರ ಅಂಗಡಿಗೇ ಬರುತ್ತಿದ್ದರು. ಮೂಲದ ಚೂರು ಎಂದೋ ಕಳೆದುಹೋಗಿರುತ್ತಿತ್ತು. ಆ ಮುಖಗಳೆಲ್ಲ ಹೋದವು. ಅತ್ತೆಯ ಫೋಟೊ ಕೇಳಿಕೊಂಡು ಪ್ರತಿ ವರ್ಷ ಬರುತ್ತಿದ್ದ ಹೆಂಗಸಿಗೆ ಇಲ್ಲವೆಂದು ಹೇಳಲಾರದೆ, ಆ ದಿನ ಅಂಗಡಿಯ ಬಾಗಿಲೇ ತೆಗೆಯಲಿಲ್ಲವಂತೆ ರೇಣುಕಾ.

ಎಲ್ಲ ಅಂಗಡಿಯವರೂ ಒಂದೇ ಕಾಯಿಲೆ ಹೇಳಿದ ಮೇಲೆ ಎರ್ರಿಸ್ವಾಮಿ ಗದರುವುದನ್ನು ಬಿಟ್ಟರು. ಮಧ್ಯಾಹ್ನ ಊಟಕ್ಕೆ ಎದ್ದವರು ಎದ್ದಲ್ಲೇ ನಿಂತು, ಮತ್ತೆ ಕೂತು, ಹರಿಗೋಲಿಗೆ ಕೊಟ್ಟಿದ್ದ ವಿನಾಯಿತಿ ತೆಗೆದು, ಸರ್ವರಿನಲ್ಲಿ ಅದೊಂದನ್ನೇ ಪರೀಕ್ಷೆಗೆ ಹಾಕಿದರು. ನಾನು ಕರಡು ಹಿಡಿದುಕೊಂಡು ಅವರ ಹಿಂದೆ ನಿಂತಿದ್ದೆ. ಪರದೆಯ ಮೇಲೆ ಕೆಂಪು ಗೆರೆ ಬಂತು. ಈ ಸಲ ಬರೀ ಅನುಮಾನವಲ್ಲ, ಸಾಕಷ್ಟು ಹಳೆಯ, ಎಲ್ಲರಿಗೂ ಗೊತ್ತಿರುವ ಒಂದು ವೈರಸ್ಸಿನ ಹೆಸರೇ ಅಲ್ಲಿತ್ತು. ಸಂಡೂರಿನ ಆ ಕಂಪ್ಯೂಟರಿನಲ್ಲಿ ಅದು ಹರಿಗೋಲಿನೊಳಗೆ ಹತ್ತಿ ಕೂತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಯಜಮಾನರು ಆ ಹೊತ್ತಿನಲ್ಲಿ ಹೇಳಬಾರದಿತ್ತು, ಹೇಳಿದರು. ಎರ್ರಿಸ್ವಾಮಿ ಹೌದೆಂಬಂತೆ ತಲೆಯಾಡಿಸಿದರು. ಆಮೇಲೆ ಅವರು ಮಾಡಿದ್ದು ನನಗೆ ಇವತ್ತಿಗೂ ನುಂಗಲಾರದ ತುತ್ತು.

ವೈರಸ್ಸನ್ನು ತೆಗೆದು ಹರಿಗೋಲನ್ನು ಉಳಿಸಿಕೊಡುವ ದಾರಿ ಅದೇ ಆಂಟಿವೈರಸ್ಸಿನಲ್ಲಿತ್ತು. ಅದನ್ನು ನಾನೇ ಓದಿ ಹೇಳಿದೆ. "ತೊಳೆದು ಕೊಡುತ್ತದಂತಲ್ಲ ಸರ್." ಅವರು ಕೇಳಲಿಲ್ಲ. "ತೊಳದ್ರ ಅದು ಸ್ವಚ್ಛ ಆಗತೈತಿ ಮಾಸ್ತರ. ನಾ ಆಗಂಗಿಲ್ಲ. ನಾಳೆ ಮತ್ತ ಅದು ಕೆಂಪು ತೋರಿಸ್ತು ಅನ್ರಿ, ಮತ್ತ ನಾ ಇದು ನನ್ನ ಹರಿಗೋಲು, ಬಿಡು ಅಂತೀನಿ. ನನಗ ನನ್ನ ಮ್ಯಾಲ ನಂಬಿಕಿ ಇಲ್ರಿ." ಸರ್ವರಿನಿಂದ ಅಳಿಸಿದರು. ತಾವು ಬರೆದ ಮೂಲವನ್ನೂ ಅಳಿಸಿದರು. ಮಾರನೆಯ ದಿನದಿಂದ ರಜೆ ಹಾಕಿ, ಬಸ್ಸು ಹತ್ತಿ, ಊರೂರಿಗೆ ಹೋಗಿ ಅಂಗಡಿ ಅಂಗಡಿಯ ಕಂಪ್ಯೂಟರಿನಿಂದ ಹರಿಗೋಲನ್ನು ತೆಗೆಯತೊಡಗಿದರು. ಎಲ್ಲ ಕಡೆಯೂ ಕೈಮುಗಿದು, "ನನ್ನಿಂದ ಆತ್ರಿ" ಎಂದು ಹೇಳುತ್ತಿದ್ದರಂತೆ.

ಕಂಪ್ಲಿಗೆ ಹೋಗುವಾಗ ನನ್ನನ್ನು ಜೊತೆಗೆ ಕರೆದರು. ಒಬ್ಬರೇ ಹೋಗಲು ಧೈರ್ಯ ಸಾಲದೆ ಕರೆದರೆಂದು ನನಗೆ ಗೊತ್ತಿತ್ತು. ರೇಣುಕಾ ನೀರು ಕೊಟ್ಟರು, ಕುರ್ಚಿ ಒರೆಸಿದರು. ಫೋಟೊಗಳ ಮಾತನ್ನೇ ಎತ್ತಲಿಲ್ಲ. ಎರ್ರಿಸ್ವಾಮಿ ಹರಿಗೋಲಿನ ಮೇಲೆ ಕೈಯಿಟ್ಟಾಗ ಮಾತ್ರ ಎದ್ದು ಹತ್ತಿರ ಬಂದರು.

"ವೈರಸ್ ತಗೀರಿ ಅಣ್ಣಾರ. ಹರಿಗೋಲು ಯಾಕ ತಗೀತೀರಿ?"

"ಬ್ಯಾಡವ್ವ ಅದು."

"ನನ್ನ ಬೆರಳಿಗೆ ಬ್ಯಾರೇದು ಬರಂಗಿಲ್ರಿ."

"ಬರೋ ಹಂಗ ನಾ ಕಲಸ್ತೀನಿ" ಎಂದು ಎರ್ರಿಸ್ವಾಮಿ ಗುಂಡಿ ಒತ್ತಿಬಿಟ್ಟರು.

ಎಲ್ಲ ಕಡೆ ಬಳಕೆಯಲ್ಲಿರುವ ಬೇರೊಂದು ಕೀಲಿಮಣೆಯನ್ನು ಹಾಕಿಕೊಟ್ಟರು. ರೇಣುಕಾ ಕೂತು, ಅಭ್ಯಾಸದಂತೆ ಬೀದಿಯ ಕಡೆ ನೋಡುತ್ತ ಬೆರಳಾಡಿಸಿದರು. ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬಿದ್ದವು. ಆಮೇಲೆ ತಲೆ ತಗ್ಗಿಸಿ, ಒಂದೊಂದೇ ಕೀಲಿಯನ್ನು ಹುಡುಕಿ ಹುಡುಕಿ ಒತ್ತಿದರು, ಹೊಸದಾಗಿ ಶಾಲೆಗೆ ಸೇರಿದವರ ಹಾಗೆ. ಎರ್ರಿಸ್ವಾಮಿ ಅದನ್ನು ನೋಡಲಾರದೆ ಎದ್ದು ಚಹದಂಗಡಿಗೆ ಹೋದರು. ಆದರೂ ಮಾತು ಉಳಿಸಿಕೊಂಡರು. ವಾರ ವಾರ ಕಂಪ್ಲಿಗೆ ಹೋಗಿ, ರೇಣುಕಾ ಮತ್ತೆ ಕೀಲಿಮಣೆ ನೋಡದೆ ಟೈಪು ಮಾಡುವ ತನಕ ಕಲಿಸಿಯೇ ಬಿಟ್ಟರು. ಆ ಹೊಸ ಅಭ್ಯಾಸ ಕೈಗೆ ಹತ್ತುವವರೆಗೆ ಬಂದ ಪುಟಗಳಲ್ಲಿ ನನ್ನ ಕೆಂಪು ಪೆನ್ನಿಗೆ ಬೇಕಾದಷ್ಟು ಕೆಲಸ ಸಿಕ್ಕಿತು. ಕೆಲಸ ಸಿಕ್ಕಿದ್ದಕ್ಕೆ ನಾನು ಬೇಜಾರು ಮಾಡಿಕೊಂಡದ್ದು ಅದೊಂದೇ ಸಲ.

ಯಜಮಾನರು ಎರ್ರಿಸ್ವಾಮಿಯವರನ್ನು ಕೆಲಸದಿಂದ ಬಿಡಿಸಲಿಲ್ಲ. ಅವರೇ ಕೆಲವು ವರ್ಷ ದುಡಿದು, ಉಸಿರಾಟದ ತೊಂದರೆಯಿಂದ ಕೆಲಸ ಬಿಟ್ಟು ಕುರೆಕುಪ್ಪಕ್ಕೆ, ಹೆಂಡತಿಯ ತವರೂರಿಗೆ ಹೋದರು. ಇದ್ದಷ್ಟು ದಿನವೂ ಬಾಗಿಲಲ್ಲಿ ಅಂಗೈ ಚಾಚುತ್ತಿದ್ದರು, ಆದರೆ ದೇವರು, ಪಾದ ಎಂಬಂಥ ಮಾತುಗಳು ನಿಂತವು. ಯಾರಾದರೂ ಕನ್ನಡ ಟೈಪಿಂಗಿನ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು. ಈಗ ಅವರು ಇಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚಿನ ಭೇಟಿಯನ್ನು ಹೇಳಿಬಿಡುತ್ತೇನೆ.

ಕುರೆಕುಪ್ಪಕ್ಕೆ ನಾನು ಅವರನ್ನು ನೋಡಲು ಹೋಗಿದ್ದೆ. ಮಾತಿನ ನಡುವೆ ನಾಚಿಕೊಂಡವರಂತೆ ಒಂದು ಲ್ಯಾಪ್‌ಟಾಪು ತೆಗೆದರು. ಹರಿಗೋಲನ್ನು ಮತ್ತೆ ಬರೆಯುತ್ತಿದ್ದರು, ಈಗಿನ ಕಂಪ್ಯೂಟರುಗಳಿಗೆ ಹೊಂದುವ ಹಾಗೆ. "ಅರ್ಧ ಆಗೈತ್ರಿ ಮಾಸ್ತರ. ಯಾವ ಕೀಲಿಗೆ ಯಾವ ಅಕ್ಷರ ಇಟ್ಟಿದ್ದೆ, ಅದ ಅರ್ಧ ಮರ್ತೈತಿ. ಎಲ್ಲೂ ಉಳಿಸ್ಲಿಲ್ಲಲ್ಲ ನಾ. ರೇಣವ್ವನ ಕೈಗೆ ಗೊತ್ತಿರತೈತಿ. ಆದ್ರ ಅಷ್ಟ ಮಂದಿ ಮುಖ ಕಳದವ ನಾ, ಯಾವ ಮುಖ ಇಟ್ಕೊಂಡು ಕೇಳ್ಲಿ?"

ನಾನು ಅಲ್ಲಿಂದ ನೇರ ಕಂಪ್ಲಿಗೆ ಹೋಗಿ ಹೇಳಿದೆ. ರೇಣುಕಾ ಮಾರನೆಯ ದಿನವೇ ಅಂಗಡಿ ಮುಚ್ಚಿ ನನ್ನ ಜೊತೆ ಹೊರಟರು. ಎರ್ರಿಸ್ವಾಮಿಯವರ ಮನೆಯ ಪಡಸಾಲೆಯಲ್ಲಿ ಕೂತ ಮೇಲೆ ಒಂದೇ ಉಸಿರಿಗೆ ಹೇಳಿದರು.

"ಫೋಟೊ ಹೋಗಿದ್ದನ್ನ ನಾ ಅವತ್ತ ಮನಸಿನ್ಯಾಗಿಂದ ಬಿಟ್ಟೆ ಅಣ್ಣಾರ. ಬೇಕಂತ ಮಾಡಿದ್ದಲ್ಲ ನೀವು. ಹರಿಗೋಲು ತಗದ್ರಲ್ಲ, ಅದನ್ನ ಬಿಟ್ಟಿದ್ದಿಲ್ಲ. ಒಂದು ಮಾತು ಕೇಳ್ಲಿಲ್ಲ ನೀವು ನನ್ನ. ತರ್ರಿ ಇಲ್ಲಿ, ಎಲ್ಲೆಲ್ಲಿ ಏನಿತ್ತು ತೋರಸ್ತೀನಿ."

ಎರ್ರಿಸ್ವಾಮಿಯವರ ಮುಖ ಅಷ್ಟು ಹಗುರಾದದ್ದನ್ನು ನಾನು ಎಷ್ಟೋ ವರ್ಷದ ಮೇಲೆ ನೋಡಿದೆ. ಲ್ಯಾಪ್‌ಟಾಪನ್ನು ಆಕೆಯ ಮುಂದೆ ಸರಿಸಿ, ತಾವು ಬರೆದುಕೊಳ್ಳಲು ಸಿದ್ಧರಾಗಿ ಕೂತರು. "ನೋಡಬ್ಯಾಡ. ಸುಮ್ಮ ಕಣ್ಣು ಮುಚ್ಚಿ ಬೆರಳಾಡ್ಸು. ಬೆರಳು ಎಲ್ಲಿ ಹೋಗತೈತಿ ನಾ ನೋಡ್ಕೊಂತೀನಿ."

ರೇಣುಕಾ ಕಣ್ಣು ಮುಚ್ಚಿದರು. ಬೆರಳುಗಳು ಸರಸರನೆ ಓಡಿದವು. ಎರ್ರಿಸ್ವಾಮಿ ಬಗ್ಗಿ ನೋಡುತ್ತಿದ್ದರು, ಬರೆದುಕೊಳ್ಳಲಿಲ್ಲ. ಓಡಿದ್ದೆಲ್ಲ ಹೊಸ ಕೀಲಿಮಣೆಯ ಜಾಗಗಳಿಗೇ. ರೇಣುಕಾ ತಡೆದು, ಕೈ ಕೊಡವಿಕೊಂಡು, ಮತ್ತೆ ಮೊದಲಿಟ್ಟರು. ಮತ್ತೂ ಅಲ್ಲಿಗೇ ಹೋದವು. ನಿಧಾನಕ್ಕೆ ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಹುಡುಕಿದರು. ಕೊನೆಗೆ ಎರಡೂ ಕೈಗಳನ್ನು ಮಡಿಲಿಗೆ ಹಾಕಿಕೊಂಡು, "ಬರವಲ್ದು ಅಣ್ಣಾರ" ಅಂದರು.

ಎರ್ರಿಸ್ವಾಮಿ ಲ್ಯಾಪ್‌ಟಾಪನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡು ಮುಚ್ಚಿದರು.

"ಹೆಂಗ ಬರತೈತವ್ವ. ಹೊಸಾದನ್ನ ಕಲಿಸಿದವ ನಾನ."